ಮಗನಿಗೆ ಬರೆದುಕೊಟ್ಟ ಮಾತ್ರೆಗೆ ‘ಕಿಡ್ಡಿ ಕೋಕ್’ ಅಂತಾರಂತೆ. ಕೊಡೋದಾ, ಬೇಡ್ವಾ?

ಅರಸೀಕೆರೆಯ ಅಮ್ಮ | ಶನಿವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಮಾತ್ರೆಯ ಸ್ಟ್ರಿಪ್ ಮೂರು ದಿನದಿಂದ ಫ್ರಿಜ್ ಮೇಲಿದೆ. ಕೊಡೋಕೆ ಧೈರ್ಯ ಬರುತ್ತಿಲ್ಲ, ಬಿಸಾಡೋಕೂ ಮನಸ್ಸಿಲ್ಲ.

ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ದಡ್ಡ ಅಲ್ಲ. ಸ್ಟೇಷನ್ನಿಗೆ ಕರೆದುಕೊಂಡು ಹೋದರೆ ಯಾವ ಗಾಡಿ ಎಲ್ಲಿಂದ ಬಂತು, ಎಷ್ಟು ಲೇಟು, ಎಲ್ಲಾ ಹೇಳುತ್ತಾನೆ. ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದಿರುತ್ತಾನೆ. ಜೂನ್‌ನಿಂದ ಈಚೆಗೆ ಐದು ನೀರಿನ ಬಾಟಲಿ ಕಳೆದಿದ್ದಾನೆ. ಡೈರಿಯಲ್ಲಿ ದಿನಾ ಮಿಸ್ಸಿನ ಕೆಂಪು ಪೆನ್ನು. ಪಕ್ಕದ ಹುಡುಗನಿಗೆ ಹೊಡೆದ, ಪಾಠದ ಮಧ್ಯೆ ಎದ್ದು ಓಡಿದ, ನೋಟ್ಸ್ ಅರ್ಧಕ್ಕೆ ಬಿಟ್ಟ.

ಬೆಂಗಳೂರಿಗೆ ಹೋಗಿ ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. ಎರಡು ಸಲ ಕರೆಸಿದರು. ನನಗೊಂದು ಫಾರಂ ಕೊಟ್ಟರು, ಅಂಥದ್ದೇ ಇನ್ನೊಂದನ್ನು ಕ್ಲಾಸ್ ಟೀಚರ್ ತುಂಬಬೇಕಿತ್ತು. ತೂಕ ನೋಡಿದರು (24 ಕೆ.ಜಿ.), ಎತ್ತರ, ಬಿ.ಪಿ. ನೋಡಿದರು. ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಇದೆಯಾ ಎಂದು ಎರಡೆರಡು ಸಲ ಕೇಳಿದರು. ಆಮೇಲೆ ಎಡಿಎಚ್‌ಡಿ ಅಂದರು, ಅಂದರೆ ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ. ಮೀಥೈಲ್‌ಫೆನಿಡೇಟ್ 5 ಮಿ.ಗ್ರಾಂ., ಬೆಳಗ್ಗೆ ತಿಂಡಿ ಆದ ಮೇಲೆ ಒಂದು.

ಇಲ್ಲಿಂದ ಶುರುವಾಯಿತು ನೋಡಿ ಕಥೆ. ನಮ್ಮೂರಿನಲ್ಲಿ ನಾಲ್ಕು ಮೆಡಿಕಲ್ ಶಾಪ್ ಸುತ್ತಿದೆ. ಎಲ್ಲೂ ಇಲ್ಲ. ಒಬ್ಬರಂತೂ ಚೀಟಿ ನೋಡಿ, ನನ್ನ ಮುಖ ನೋಡಿ, “ಇದೆಲ್ಲಾ ನಾವು ಇಡಲ್ಲ ಮೇಡಂ” ಅಂದರು. ಕಳ್ಳಿಯ ಹಾಗೆ ನೋಡಿದರು. ಕೊನೆಗೆ ಯಜಮಾನರು ಬೆಂಗಳೂರಿನಿಂದ ತಂದರು. ಅಲ್ಲಿ ಚೀಟಿಯ ಎರಡು ಪ್ರತಿ ಕೇಳಿ, ಒಂದನ್ನು ಅವರೇ ಇಟ್ಟುಕೊಂಡು, ಮನೆ ವಿಳಾಸ ಬರೆಸಿಕೊಂಡರಂತೆ.

ರಾತ್ರಿ ಊಟಕ್ಕೆ ಕೂತಾಗ ಮೈದುನ ಮೊಬೈಲಿನಲ್ಲಿ ಹುಡುಕಿ, “ಅತ್ತಿಗೆ, ಇದನ್ನ ಅಮೆರಿಕದಲ್ಲಿ ಬೀದೀಲಿ ಮಾರ್ತಾರೆ. ಕಿಡ್ಡಿ ಕೋಕ್ ಅಂತ ಹೆಸರು. ಕೊಕೇನ್ ಜಾತಿ” ಅಂದ. ಅತ್ತೆ ತಟ್ಟೆ ಬಿಟ್ಟು ಎದ್ದರು. “ನನ್ನ ಮೊಮ್ಮಗನಿಗೆ ಗಾಂಜಾ ಕೊಡ್ತೀಯೇನೇ?” ಅಂತ ಒಂದೇ ಮಾತು.

ಇದು ನಿಜವಾಗಲೂ ಡ್ರಗ್ಸಾ? ಚಟ ಹತ್ತುತ್ತಾ? ಮೊದಲೇ ಒಂದು ಕಡೆ ಕೂರದ ಹುಡುಗನಿಗೆ ಚುರುಕು ಮಾಡೋ ಔಷಧಿ ಯಾಕೆ ಕೊಡ್ತಾರೆ? ಗೊತ್ತಿರುವವರು ಹೇಳಿ.

ಪ್ರಕೃತಿಪ್ರಿಯ | ಶನಿವಾರ, ರಾತ್ರಿ 11.05

ಅಕ್ಕ, ದಯವಿಟ್ಟು ಕೊಡಬೇಡಿ. ನಮ್ಮ ಕಾಲದಲ್ಲಿ ತುಂಟ ಮಕ್ಕಳಿಗೆ ಮಾತ್ರೆ ಇರಲಿಲ್ಲ, ಬೆತ್ತ ಇತ್ತು. ಎಲ್ಲರೂ ಸರಿಹೋದರು. ದಿನಾ ಒಂದೆಲಗ ಕೊಡಿ, ಮೊಬೈಲ್ ಕಿತ್ತುಕೊಳ್ಳಿ, ಸಾಕು. ಇದೆಲ್ಲಾ ಔಷಧಿ ಕಂಪನಿಗಳ ಆಟ.

ಹಳೇ ಮದ್ದಿನಂಗಡಿ | ಭಾನುವಾರ, ಬೆಳಗ್ಗೆ 6.15

ನೋಡಮ್ಮ, ನಾನು 31 ವರ್ಷ ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತವನು. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ನಾನು ಬೆಳಗ್ಗೆ ಹೋಗಿ ಪೇಪರ್ ಓದಿ, ಅವನ ಬಿಲ್ಲಿನಲ್ಲಿ ತಪ್ಪು ಹುಡುಕಿ ಬರುತ್ತೇನೆ. ಡಾಕ್ಟರ್ ಅಲ್ಲ. ನಿಮ್ಮ ಹುಡುಗನಿಗೆ ಕೊಡಿ, ಬಿಡಿ ಅಂತ ಹೇಳುವ ಹಕ್ಕು ನನಗಿಲ್ಲ. ಮಾತ್ರೆಯ ಬಗ್ಗೆ ಗೊತ್ತಿದ್ದು ಹೇಳುತ್ತೇನೆ.

ಮೊದಲು ನಿಮ್ಮನ್ನು ಕಳ್ಳಿಯ ಹಾಗೆ ನೋಡಿದ ವಿಷಯ. ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧಿ. ಅದನ್ನು ಮಾರಲು ಮಾಮೂಲಿ ಲೈಸೆನ್ಸ್ ಸಾಲದು, 20-ಎಫ್ ಅಂತ ಬೇರೆ ಲೈಸೆನ್ಸ್ ಬೇಕು. ಬೀಗ ಹಾಕಿದ ಬೇರೆ ಬೀರುವಿನಲ್ಲೇ ಇಡಬೇಕು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಯ್ದಿಡಬೇಕು. ಯಾರಿಗೆ, ಯಾವ ವಿಳಾಸಕ್ಕೆ, ಎಷ್ಟು ಮಾತ್ರೆ ಹೋಯಿತು ಅಂತ ರಿಜಿಸ್ಟರ್ ಬರೆಯಬೇಕು. ಇಷ್ಟು ತಾಪತ್ರಯ ಯಾರಿಗೆ ಬೇಕು ಹೇಳಿ? ಸಣ್ಣ ಊರಿನ ಅಂಗಡಿಗಳು ಆ ಲೈಸೆನ್ಸನ್ನೇ ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಂಡಿರಲಿಲ್ಲ. “ಲೈಸೆನ್ಸ್ ಇಲ್ಲ ಮೇಡಂ” ಅನ್ನೋಕೆ ನಾಚಿಕೆ, ಅದಕ್ಕೇ “ಇದೆಲ್ಲಾ ನಾವು ಇಡಲ್ಲ” ಅಂತ ಮುಖ ಗಂಟು ಹಾಕುವುದು. ನಾನೂ ಹಾಕಿದ್ದೇನೆ. ನಿಮ್ಮಂಥ ತಾಯಂದಿರ ಹತ್ತಿರ ಈಗ ಕ್ಷಮೆ ಕೇಳುತ್ತೇನೆ.

ಇದು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲೂ ಇದೆ. 1985ರ ಕಾಯ್ದೆ. ಗಾಬರಿಯಾಗಬೇಡಿ. ಡಾಕ್ಟರ ಚೀಟಿ ಇದ್ದರೆ ಒಬ್ಬರು ತಮ್ಮ ಬಳಕೆಗೆ ಒಮ್ಮೆಗೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಬಹುದು. ತುಂಬಾ ದಿನಕ್ಕೆ ಬೇಕು ಅಂತ ಡಾಕ್ಟರ್ ಬರೆದಿದ್ದರೆ 300ರವರೆಗೂ ನಡೆಯುತ್ತದೆ. ನಿಮ್ಮ ಪ್ರತಿಯನ್ನು ಜೋಪಾನ ಮಾಡಿ, ಅಷ್ಟೇ.

ಇನ್ನು ನಿಮ್ಮ ಮೈದುನನ ಮಾತು. ಹುಡುಗ ಪೂರ್ತಿ ಸುಳ್ಳು ಹೇಳಿಲ್ಲ. ಕೊಕೇನ್ ಮಿದುಳಿನಲ್ಲಿ ಯಾವ ಜಾಗದಲ್ಲಿ ಹೋಗಿ ಕೂರುತ್ತದೋ ಇದೂ ಅಲ್ಲೇ ಕೂರುತ್ತದೆ. ಡೋಪಮೈನ್ ಅಂತ ಒಂದು ರಾಸಾಯನಿಕ ಇದೆ, ಅದನ್ನು ಜೀವಕೋಶ ವಾಪಸ್ ಎಳೆದುಕೊಳ್ಳುವ ಬಾಗಿಲಿಗೆ ಎರಡೂ ಅಡ್ಡ ನಿಲ್ಲುತ್ತವೆ. ವ್ಯತ್ಯಾಸ ಇರುವುದು ವೇಗದಲ್ಲಿ. ಅಮೆರಿಕದಲ್ಲಿ ನೋರಾ ವೋಲ್ಕೊ ಎಂಬ ವೈದ್ಯೆ ಮಿದುಳಿನ ಸ್ಕ್ಯಾನ್ ಮಾಡಿ ಇದನ್ನು ತೋರಿಸಿದರು. ಮಾತ್ರೆ ನುಂಗಿದರೆ ಔಷಧಿ ಮಿದುಳಿನಲ್ಲಿ ಪೂರ್ತಿ ಏರಲು ಒಂದು ಗಂಟೆಗೂ ಮೇಲೆ ಬೇಕು. ಅದನ್ನೇ ರಕ್ತನಾಳಕ್ಕೆ ಚುಚ್ಚಿದರೆ ಕೆಲವೇ ನಿಮಿಷ. ಆ ಧಡಕ್ಕನೆ ಏರುವುದೇ ನಶೆ. ನಿಧಾನ ಏರಿ ನಿಧಾನ ಇಳಿದರೆ ಮಗುವಿಗೆ ನಶೆ ಅಂತ ಏನೂ ಗೊತ್ತಾಗುವುದಿಲ್ಲ. ಬೀದಿಯವರು ಇದೇ ಮಾತ್ರೆಯನ್ನು ಪುಡಿ ಮಾಡಿ ಮೂಗಿಗೆ ಏರಿಸುತ್ತಾರೆ. ಕಿಡ್ಡಿ ಕೋಕ್, ವಿಟಮಿನ್ ಆರ್ ಎಂಬ ಅಡ್ಡಹೆಸರು ಬಂದದ್ದು ಆ ಕಡೆಯಿಂದ.

ಅಡ್ಡಹೆಸರಿಗೆ ಹೆದರಬೇಡಿ. ನಮ್ಮಲ್ಲಿ ಹೆಂಡಕ್ಕೆ ‘ಎಣ್ಣೆ’ ಅನ್ನುತ್ತಾರೆ. ಹಾಗಂತ ಒಗ್ಗರಣೆ ಹಾಕೋದು ಬಿಟ್ಟಿದ್ದೀವಾ? ಗಾಂಜಾಕ್ಕೆ ‘ಸೊಪ್ಪು’ ಅನ್ನುತ್ತಾರೆ. ನಿಮ್ಮ ಅತ್ತೆ ದಂಟಿನ ಸೊಪ್ಪಿನ ಸಾರು ಬೇಡ ಅನ್ನುತ್ತಾರಾ ಕೇಳಿ.

ಚುರುಕಿನ ಔಷಧಿ ಹುಡುಗನನ್ನು ಹೇಗೆ ಕೂರಿಸುತ್ತೆ ಅಂತ ಕೇಳಿದಿರಿ. ಮನೆ ತುಂಬಾ ರಜಕ್ಕೆ ಬಂದ ಮಕ್ಕಳು. ಗಲಾಟೆಯೋ ಗಲಾಟೆ. ಜಗಲಿಯಲ್ಲಿ ಅಜ್ಜ ತೂಕಡಿಸುತ್ತಾ ಕೂತಿದ್ದಾನೆ. ಅಜ್ಜನಿಗೆ ಒಂದು ಲೋಟ ಗಟ್ಟಿ ಕಾಫಿ ಕೊಡಿ. ನೆಟ್ಟಗೆ ಕೂತು ಒಮ್ಮೆ ಕೆಮ್ಮಿದರೆ ಸಾಕು, ಮಕ್ಕಳು ಸದ್ದಡಗುತ್ತಾರೆ. ಈ ಮಾತ್ರೆ ಮಕ್ಕಳಿಗಲ್ಲ, ಅಜ್ಜನಿಗೆ. ಹಣೆಯ ಹಿಂದಿನ ಮಿದುಳಿನ ಭಾಗ ಆ ಅಜ್ಜ. ಅದು ಎಚ್ಚರವಾದರೆ ಉಳಿದದ್ದು ತಾನೇ ಹಿಡಿತಕ್ಕೆ ಬರುತ್ತದೆ.

ಇದು ಗೊತ್ತಾದದ್ದೂ ಆಕಸ್ಮಿಕವೇ. 1937. ಅಮೆರಿಕದ ರೋಡ್ ಐಲೆಂಡಿನಲ್ಲಿ ಮಕ್ಕಳ ಒಂದು ಆಸ್ಪತ್ರೆ. ಚಾರ್ಲ್ಸ್ ಬ್ರಾಡ್ಲಿ ಅಲ್ಲಿನ ಡಾಕ್ಟರ್. ಆಗ ಮಿದುಳಿನ ಎಕ್ಸ್‌ರೇ ತೆಗೆಯಲು ಬೆನ್ನಿನಿಂದ ನೀರು ತೆಗೆದು ಗಾಳಿ ತುಂಬುತ್ತಿದ್ದರು. ಮಕ್ಕಳಿಗೆ ಜೀವ ಹೋಗುವಂಥ ತಲೆನೋವು. ಅದು ಕಡಿಮೆಯಾಗಲಿ ಅಂತ ಬೆಂಜೆಡ್ರಿನ್ ಕೊಟ್ಟರು. ಅದು ಆಂಫೆಟಮೈನ್ ಎಂಬ ಇನ್ನೊಂದು ಚುರುಕಿನ ಔಷಧಿ, ಆಗ ಮೂಗು ಕಟ್ಟಿದ್ದಕ್ಕೆ ಇನ್ಹೇಲರ್ ರೂಪದಲ್ಲಿ ಮಾರುತ್ತಿದ್ದ ಔಷಧಿ. ತಲೆನೋವು ಅಷ್ಟಕ್ಕಷ್ಟೇ. ಆದರೆ ಕೂರದ ಮಕ್ಕಳು ಕೂತು ಪಾಠ ಕಲಿತರು. ಅವರು 30 ಮಕ್ಕಳಿಗೆ ಕೊಟ್ಟು ನೋಡಿದಾಗ 14 ಮಕ್ಕಳು ಓದಿನಲ್ಲಿ ಎದ್ದು ಕಾಣುವಷ್ಟು ಸುಧಾರಿಸಿದ್ದರು. ಆ ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಅಂತ ಹೆಸರಿಟ್ಟರು. ಇದೂ ಅಡ್ಡಹೆಸರೇ ಅಲ್ವಾ? ನಿಮ್ಮ ಮೈದುನನ ಪಟ್ಟಿಯಲ್ಲಿ ಇದಿದೆಯಾ ನೋಡಿ.

ನಿಮ್ಮ ಮಗನ ಮಾತ್ರೆ ಬಂದದ್ದು ಆಮೇಲೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೋ ಪಾನಿಜ್ಜೋನ್ ಮೊದಲು ತಯಾರಿಸಿದ. ಹೆಂಡತಿ ಮಾರ್ಗರೀಟಾ, ಮನೆಯಲ್ಲಿ ಕರೆಯುವುದು ರೀಟಾ. ಆಕೆ ಟೆನಿಸ್ ಆಡುವ ಮೊದಲು ಇದನ್ನು ತೆಗೆದುಕೊಳ್ಳುತ್ತಿದ್ದಳಂತೆ. ಅವಳ ಹೆಸರಿನಿಂದಲೇ ಈ ಮಾತ್ರೆಗೆ ಕಂಪನಿ ಇಟ್ಟ ಹೆಸರು ರಿಟಲಿನ್.

ಪ್ರಕೃತಿಪ್ರಿಯರೇ, ಬೆತ್ತದಿಂದ ಸರಿಹೋದವರನ್ನು ನಾನೂ ನೋಡಿದ್ದೇನೆ. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಐದನೇ ಕ್ಲಾಸಿಗೆ ಶಾಲೆ ಬಿಟ್ಟ. ದಡ್ಡ ಅಂತ ಕಳಿಸಿದರು. ಲಾರಿ ಕ್ಲೀನರ್ ಆದ. ಹದಿನೆಂಟಕ್ಕೆಲ್ಲಾ ಇಡೀ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದ. ಒಂದೆಲಗದ ತಂಬುಳಿ ಮಾಡಿ ಕೊಡಲಿ ಬಿಡಿ, ನನಗೂ ಇಷ್ಟ. ಊಟ ಸೇರುತ್ತದೆ. ಈ ಮಾತ್ರೆಗೆ ಹಸಿವು ಕಡಿಮೆಯಾಗುವುದರಿಂದ ತಂಬುಳಿಯ ಕೆಲಸ ಇದ್ದೇ ಇದೆ.

ಅರಸೀಕೆರೆಯ ಅಮ್ಮ | ಭಾನುವಾರ, ಮಧ್ಯಾಹ್ನ 2.20

ಸರ್, ಅಜ್ಜನ ಕಥೆ ಅತ್ತೆಗೆ ಓದಿ ಹೇಳಿದೆ. ನಕ್ಕರು. ನಮ್ಮ ಮಾವನೂ ಕಾಫಿ ಇಲ್ಲದೆ ಕಣ್ಣು ಬಿಡುತ್ತಿರಲಿಲ್ಲ. ಆದರೆ ಮೈದುನ ಬಿಡುತ್ತಿಲ್ಲ. ಇಡೀ ಪಟ್ಟಿ ವಾಟ್ಸಾಪ್ ಮಾಡಿದ್ದಾನೆ: ಸ್ಪೀಡ್, ಐಸ್, ಕ್ರಿಸ್ಟಲ್, ಚಾರ್ಲಿ, ಮಾಲಿ, ಮಿಯಾಂವ್ ಮಿಯಾಂವ್, ಯಾಬಾ. “ಎಲ್ಲಾ ಒಂದೇ ಗುಂಪು ಅತ್ತಿಗೆ, ಸ್ಟಿಮ್ಯುಲಂಟ್, ಚುರುಕು ಮಾಡೋ ಜಾತಿ” ಅಂತಾನೆ. ಒಂದೇನಾ?

ಹಳೇ ಮದ್ದಿನಂಗಡಿ | ಭಾನುವಾರ, ಸಂಜೆ 5.50

ಒಂದೇ ಗುಂಪು ಹೌದು. ಬೆಕ್ಕೂ ಹುಲಿಯೂ ಒಂದೇ ಗುಂಪು.

ಸ್ಪೀಡ್ ಅಂದರೆ ಆಂಫೆಟಮೈನ್. ಐಸ್, ಕ್ರಿಸ್ಟಲ್ ಅಂದರೆ ಮೆಥ್, ಪೂರ್ತಿ ಹೆಸರು ಮೆಥಾಂಫೆಟಮೈನ್. ನೋಡಲು ಕಲ್ಲುಸಕ್ಕರೆ ಚೂರಿನ ಹಾಗೆ ಇರುತ್ತದೆ, ಅದಕ್ಕೇ ಆ ಹೆಸರು. ಇದನ್ನು ಮೊದಲು ಮಾಡಿದವರು ಜಪಾನಿನ ನಗಾಯಿ, 1893ರಲ್ಲಿ. ಅದಕ್ಕೂ ಮುಂಚೆ ಎಫೆಡ್ರಾ ಗಿಡದಿಂದ ಎಫೆಡ್ರಿನ್ ಬೇರ್ಪಡಿಸಿದವರೂ ಅವರೇ. ಎಫೆಡ್ರಿನ್ ದಮ್ಮಿನ ಔಷಧಿ, ನಾನು ಅಂಗಡಿಗೆ ಸೇರಿದಾಗ ಅದರ ಮಾತ್ರೆ ಡಬ್ಬಗಟ್ಟಲೆ ಹೋಗುತ್ತಿತ್ತು.

1938ರಲ್ಲಿ ಜರ್ಮನಿಯವರು ಮೆಥ್ ಅನ್ನೇ ಪರ್ವಿಟಿನ್ ಅಂತ ಮಾತ್ರೆ ಮಾಡಿ ಚೀಟಿ ಇಲ್ಲದೆ ಮಾರಿದರು. ಯುದ್ಧ ಬಂತು. 1940ರಲ್ಲಿ ಮೂರ್ನಾಲ್ಕು ತಿಂಗಳಲ್ಲೇ ಸೈನಿಕರಿಗೆ ಸುಮಾರು 3.5 ಕೋಟಿ ಮಾತ್ರೆ ಹೋಯಿತು. ನಿದ್ದೆ ಬಿಟ್ಟು ಟ್ಯಾಂಕ್ ಓಡಿಸಲಿ ಅಂತ. ಆಗ ಅದರ ಅಡ್ಡಹೆಸರು ‘ಟ್ಯಾಂಕ್ ಚಾಕೊಲೇಟ್’. ಜಪಾನಿನಲ್ಲಿ ಅದೇ ವಸ್ತು ಹಿರೋಪೊನ್. ಯುದ್ಧ ಮುಗಿದ ಮೇಲೆ ಊರೂರೇ ಚಟಕ್ಕೆ ಬಿದ್ದು, 1951ರಲ್ಲಿ ಅದಕ್ಕೆಂದೇ ಕಾನೂನು ಮಾಡಬೇಕಾಯಿತು. ಯಾಬಾ ಅಂದರೆ ಮೆಥ್ ಜೊತೆ ಕೆಫೀನ್ ಬೆರೆಸಿದ ಮಾತ್ರೆ. ಮ್ಯಾನ್ಮಾರ್ ಕಡೆಯಿಂದ ನಮ್ಮ ಈಶಾನ್ಯ ರಾಜ್ಯಗಳಿಗೆ ಬರುತ್ತದೆ. ಥಾಯ್ ಭಾಷೆಯಲ್ಲಿ ಮೊದಲು ‘ಕುದುರೆ ಮದ್ದು’ ಅನ್ನುತ್ತಿದ್ದರು. ಹೆಸರು ಕೇಳಿದರೇ ಶಕ್ತಿ ಬರುವ ಹಾಗಿದೆ ಅಂತ 1996ರಲ್ಲಿ ಅಲ್ಲಿನ ಸರ್ಕಾರವೇ ‘ಹುಚ್ಚು ಮದ್ದು’ ಅಂತ ಬದಲಾಯಿಸಿತು. ಸರ್ಕಾರ ಇಟ್ಟ ಬೀದಿ ಹೆಸರು ನನಗೆ ಗೊತ್ತಿರುವ ಹಾಗೆ ಇದೊಂದೇ!

ಚಾರ್ಲಿ ಕೊಕೇನ್. ಅದಕ್ಕೂ ಒಂದು ಒಳ್ಳೆಯ ಕಾಲ ಇತ್ತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಅದರ ಹನಿ ಹಾಕಿ ಕಣ್ಣು ಮರಗಟ್ಟಿಸಿ ತೋರಿಸಿದ. ಅಲ್ಲಿಯವರೆಗೆ ಎಚ್ಚರ ಇದ್ದ ಮನುಷ್ಯನ ಕಣ್ಣಿಗೆ ಹಾಗೇ ಕತ್ತಿ ಹಾಕುತ್ತಿದ್ದರು. ಯೋಚಿಸಿದರೆ ಮೈ ಜುಂ ಅನ್ನುತ್ತೆ.

ಮಾಲಿ ಅಂದರೆ ಎಂಡಿಎಂಎ, ಬೆಂಗಳೂರಿನ ಪೇಪರುಗಳಲ್ಲಿ ವಾರಕ್ಕೊಮ್ಮೆಯಾದರೂ ಬರುವ ಹೆಸರು. ಮಿಯಾಂವ್ ಮಿಯಾಂವ್ ಅಂದರೆ ಮೆಫೆಡ್ರೋನ್, ಮುಂಬೈ ಕಡೆ ಬರೀ ‘ಎಂಡಿ’. ಎಂಡಿ ಬೇರೆ, ಎಂಡಿಎಂಎ ಬೇರೆ. ಮೆಫೆಡ್ರೋನ್ ನಮ್ಮ ಕಾಯ್ದೆಯ ಪಟ್ಟಿಗೆ ಸೇರಿದ್ದು 2015ರಲ್ಲಿ. ಅದಕ್ಕೂ ಮುಂಚೆ ಹಿಡಿದರೂ ಯಾವ ಕಲಂ ಹಾಕೋದು ಅಂತ ಪೊಲೀಸರು ತಲೆ ಕೆರೆದುಕೊಳ್ಳುತ್ತಿದ್ದರು. ಅದಕ್ಕೆ ವೈದ್ಯಕೀಯ ಉಪಯೋಗ ಯಾವುದೂ ಇಲ್ಲ.

ಈ ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ, ನನ್ನ ಕೌಂಟರಿಗೇ ಬಂದದ್ದು. ಸಿಸೇರಿಯನ್ ಮಾಡುವಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಬಿ.ಪಿ. ಇಳಿಯುತ್ತದೆ. ಅದನ್ನು ಎತ್ತಲು ಮೆಫೆಂಟರ್ಮಿನ್ ಕೊಡುತ್ತಾರೆ. ಆಪರೇಷನ್ ಥಿಯೇಟರಿನ ಔಷಧಿ ಅದು. ಒಂದು ಸಂಜೆ ತೋಳು ಉಬ್ಬಿಸಿಕೊಂಡ ಇಬ್ಬರು ಹುಡುಗರು ಬಂದರು. “ಅಂಕಲ್, ಬಿ.ಪಿ. ಇಂಜೆಕ್ಷನ್ ಕೊಡಿ, ಇನ್ಸುಲಿನ್ ಸಿರಿಂಜ್ ಎರಡು ಕೊಡಿ.” ಯಾರಿಗಪ್ಪಾ ಬಿ.ಪಿ. ಅಂದೆ. “ಅಜ್ಜಿಗೆ.” ಅಜ್ಜಿಗೆ ಸಿಸೇರಿಯನ್ನಾ ಅಂದೆ. ಓಡಿದರು. ಜಿಮ್‌ನಲ್ಲಿ ಸುಸ್ತು ಆಗಬಾರದು ಅಂತ ಚುಚ್ಚಿಕೊಳ್ಳುತ್ತಾರೆ. ಎದೆಬಡಿತ ಏರಿ ಆಸ್ಪತ್ರೆ ಸೇರಿದವರಿದ್ದಾರೆ. ಇದು ಓದಿ ಯಾರಿಗಾದರೂ ಮನೆಯ ಹುಡುಗನ ಮೇಲೆ ಅನುಮಾನ ಬಂದರೆ ಬೈಯ್ಯಬೇಡಿ, 14446ಕ್ಕೆ ಫೋನ್ ಮಾಡಿ. ಚಟ ಬಿಡಿಸಲು ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಬೆಂಗಳೂರು ಹತ್ತಿರ ಇದ್ದರೆ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಬೇರೆ ವಿಭಾಗ ಇದೆ.

ಜುಬೈಲ್‌ನಲ್ಲಿರುವ ಪುತ್ತೂರಿನವ | ಭಾನುವಾರ, ರಾತ್ರಿ 9.10

ಅಂಕಲ್ ಹೇಳಿದ್ದಕ್ಕೆ ಗಲ್ಫಿನ ಒಂದು ಬಾಲ ಸೇರಿಸುತ್ತೇನೆ. ಇಲ್ಲಿ ದೊಡ್ಡ ತಲೆನೋವು ಕ್ಯಾಪ್ಟಗಾನ್ ಎಂಬ ನಶೆ ಮಾತ್ರೆ. ಮಾತ್ರೆಯ ಮೇಲೆ ಎರಡು ಅರ್ಧಚಂದ್ರ ಬೆನ್ನಿಗೆ ಬೆನ್ನು ಹಾಕಿ ಕೂತ ಗುರುತು. ಅದಕ್ಕೇ ಅರಬ್ಬಿಯಲ್ಲಿ ‘ಅಬು ಹಿಲಾಲೈನ್’, ಅಂದರೆ ಎರಡು ಚಂದ್ರರ ಅಪ್ಪ. 2021ರಲ್ಲಿ ಲೆಬನಾನಿನಿಂದ ಬಂದ ದಾಳಿಂಬೆ ಹಣ್ಣಿನೊಳಗೆ 50 ಲಕ್ಷಕ್ಕೂ ಜಾಸ್ತಿ ಮಾತ್ರೆ ಸಿಕ್ಕಿದವು. ಸೌದಿಯವರು ಆ ದೇಶದ ಹಣ್ಣು ತರಕಾರಿಯನ್ನೇ ನಿಲ್ಲಿಸಿದರು. ಆ ವಾರ ನಮ್ಮ ಕ್ಯಾಂಪಿನಲ್ಲಿ ದಾಳಿಂಬೆ ಕಂಡರೆ ಎಲ್ಲರಿಗೂ ತಮಾಷೆ.

ಅಕ್ಕ, ನಿಮಗೆ ಸಂಬಂಧಪಟ್ಟದ್ದು ಇದು: ಕ್ಯಾಪ್ಟಗಾನ್ ಜರ್ಮನಿಯಲ್ಲಿ 1961ರಲ್ಲಿ ಔಷಧಿಯಾಗಿ ಹುಟ್ಟಿದ್ದು. ಯಾರಿಗೆ ಕೊಡುತ್ತಿದ್ದರು ಗೊತ್ತಾ? ಕೂತಲ್ಲಿ ಕೂರದ ಮಕ್ಕಳಿಗೆ. ನಿಮ್ಮ ಮಗನಂಥವರಿಗೇ. ಈಗ ಬೀದಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಬಹುಪಾಲು ಆಂಫೆಟಮೈನ್, ಕೆಫೀನ್ ಬೆರಕೆ. ಚಂದ್ರ ಮಾತ್ರ ಹಳೆಯದು.

ಇನ್ನೊಂದು. ಈ ಕಡೆ ಯಾರಾದರೂ ನೆಂಟರನ್ನು ನೋಡಲು ಬರುವುದಿದ್ದರೆ ಮಗನ ಮಾತ್ರೆ ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಬರಬೇಡಿ. ದುಬೈಗೆ ಹೋಗುವವರು ಯುಎಇ ಸರ್ಕಾರಕ್ಕೆ ಆನ್‌ಲೈನಿನಲ್ಲಿ ಮೊದಲೇ ಅರ್ಜಿ ಹಾಕಿ ಅನುಮತಿ ತೆಗೆದುಕೊಳ್ಳಬೇಕು. ಜಪಾನಿಗಂತೂ ಆಂಫೆಟಮೈನ್ ಇರುವ ಔಷಧಿ ಚೀಟಿ ಇದ್ದರೂ ಒಯ್ಯುವ ಹಾಗಿಲ್ಲ.

ಕೋಡ್ ಬರೆಯುವವ | ಭಾನುವಾರ, ರಾತ್ರಿ 11.55

ನನಗೂ ಇದೇ ಮಾತ್ರೆ. ವಯಸ್ಸು 34. ಗೊತ್ತಾದದ್ದು ಎರಡು ವರ್ಷದ ಹಿಂದೆ.

ಅದಕ್ಕೂ ಮುಂಚಿನ ಕಥೆ ಹೇಳುತ್ತೇನೆ. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಒಬ್ಬನ ಹತ್ತಿರ ತಮ್ಮನ ಮಾತ್ರೆ ಇತ್ತು. ಪರೀಕ್ಷೆ ಹಿಂದಿನ ರಾತ್ರಿ ನಾಲ್ಕು ಜನ ಹಂಚಿಕೊಂಡೆವು. ಚೀಟಿ ಇಲ್ಲ, ಎಷ್ಟು ಅಂತ ಗೊತ್ತಿಲ್ಲ. ನನ್ನ ರೂಂಮೇಟ್ ಬೆಳಗಿನ ಜಾವದವರೆಗೆ ಮೂರು ಬಣ್ಣದ ಪೆನ್ನಿನಲ್ಲಿ ಒಂದೇ ಅಧ್ಯಾಯಕ್ಕೆ ಗೆರೆ ಎಳೆದ. ಅದ್ಭುತವಾಗಿ ಓದುತ್ತಿದ್ದೇನೆ ಅಂತ ಅವನ ನಂಬಿಕೆ. ಪರೀಕ್ಷೆ ಹಾಲಿನಲ್ಲಿ ಎದೆ ಡಬಡಬ ಅಂತ ಹೊರಗೆ ಬಂದು ಕೂತ. ಆ ಪೇಪರ್ ಹೋಯಿತು. ನನಗೆ ವಿಚಿತ್ರ ಏನಾಯಿತು ಅಂದರೆ ಆ ರಾತ್ರಿ ತಲೆಯೊಳಗಿನ ರೇಡಿಯೋ ನಿಂತಿತು. ಸುಮ್ಮನೆ ಓದಿ, ಹನ್ನೊಂದಕ್ಕೆ ಮಲಗಿಬಿಟ್ಟೆ. ಆಗಲೇ ಡಾಕ್ಟರ್ ಹತ್ತಿರ ಹೋಗಬೇಕಿತ್ತು. ಹನ್ನೆರಡು ವರ್ಷ ತಡ ಮಾಡಿದೆ. ಬೇರೆಯವರಿಗೆ ಕೊಟ್ಟರೆ ಅಪರಾಧ ಅಂತಲೂ ಆಗ ಗೊತ್ತಿರಲಿಲ್ಲ.

ಅಕ್ಕ, ನಿಮ್ಮ ಮೈದುನ ಸುಮ್ನೆ ಹೆದರಿಸುತ್ತಿಲ್ಲ. ಎಲ್ಲಿ ಹೆದರಬೇಕು ಅನ್ನೋದು ಮಾತ್ರ ತಪ್ಪಿದ್ದಾನೆ. ಮಾತ್ರೆ ಫ್ರಿಜ್ ಮೇಲೆ ಇಡಬೇಡಿ. ಬೀರುವಿನಲ್ಲಿ ಇಟ್ಟು ಬೀಗ ಹಾಕಿ, ಎಣಿಸಿ ಇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ನೆಂಟರ ಮಕ್ಕಳು ಮನೆಗೆ ಬರ್ತಾರೆ ಅಲ್ವಾ?

ರಾತ್ರಿ ಪಾಳಿ ಸಿಸ್ಟರ್ | ಸೋಮವಾರ, ಬೆಳಗಿನ ಜಾವ 3.30

ಡ್ಯೂಟಿಯಲ್ಲಿದ್ದೇನೆ, ಚಿಕ್ಕದಾಗಿ ಬರೆಯುತ್ತೇನೆ. ನನ್ನದು ಎನ್‌ಐಸಿಯು, ಹಸುಗೂಸುಗಳ ಐಸಿಯು. ಏಳು ತಿಂಗಳಿಗೇ ಹುಟ್ಟಿದ ಒಂದು ಕೆ.ಜಿ. ಮಕ್ಕಳು. ಇವು ಮಧ್ಯೆ ಮಧ್ಯೆ ಉಸಿರಾಡುವುದನ್ನೇ ಮರೆಯುತ್ತವೆ. ಮಾನಿಟರ್ ಕೂಗುತ್ತದೆ, ನಾವು ಪಾದಕ್ಕೆ ಮೆಲ್ಲಗೆ ತಟ್ಟುತ್ತೇವೆ, ನೆನಪಾಗಿ ಉಸಿರು ಎಳೆದುಕೊಳ್ಳುತ್ತವೆ. ಅವಕ್ಕೆ ಕೊಡುವ ಔಷಧಿ ಯಾವುದು ಗೊತ್ತಾ? ಕೆಫೀನ್ ಸಿಟ್ರೇಟ್. ಅದೂ ಸ್ಟಿಮ್ಯುಲಂಟೇ.

ಮೊನ್ನೆ ಒಬ್ಬ ಬಾಣಂತಿಯ ಅಮ್ಮ ಕೇಳಿ ಬೆಚ್ಚಿಬಿದ್ದರು. “ಕಾಫಿನಾ? ನಾವು ಹತ್ತು ವರ್ಷದ ಮಕ್ಕಳಿಗೂ ಕೊಡಲ್ಲ!” ನಾನು ಹೇಳಿದೆ, ಅಮ್ಮ, ನಿಮ್ಮ ಮೈಯಲ್ಲಿ ಕುಡಿದ ಕಾಫಿ ಐದಾರು ಗಂಟೆಗೆ ಅರ್ಧ ಆಗುತ್ತೆ. ಈ ಮಗುವಿನ ಮೈಯಲ್ಲಿ ಅರ್ಧ ಆಗೋಕೆ ಸುಮಾರು ನಾಲ್ಕು ದಿನ ಬೇಕು. ಅದಕ್ಕೇ ದಿನಕ್ಕೆ ಒಂದೇ ಸಲ, ಮಿ.ಗ್ರಾಂ. ಲೆಕ್ಕದಲ್ಲಿ ಸಿರಿಂಜಿನಲ್ಲಿ ಅಳೆದು ಕೊಡುತ್ತೇವೆ. ಇಬ್ಬರು ನೋಡಿ ಸಹಿ ಹಾಕುತ್ತೇವೆ. ಮಾನಿಟರ್ ಕೂಗುತ್ತಿದೆ, ಬರ್ತೀನಿ.

ಪ್ರಕೃತಿಪ್ರಿಯ | ಸೋಮವಾರ, ಬೆಳಗ್ಗೆ 8.00

ಸಿಸ್ಟರ್, ಆ ಮಗು ಹೇಗಿದೆ?

ರಾತ್ರಿ ಪಾಳಿ ಸಿಸ್ಟರ್ | ಸೋಮವಾರ, ಬೆಳಗ್ಗೆ 8.40

ಹಾಲು ಏಳು ಎಂ.ಎಲ್. ಕುಡಿಯಿತು. ನಾನು ಮಲಗಲು ಹೊರಟೆ. ಕಾಫಿ ಇಲ್ಲದೆ!

ಅರಸೀಕೆರೆಯ ಅಮ್ಮ | ಮೂರು ವಾರದ ನಂತರ, ಗುರುವಾರ, ರಾತ್ರಿ 9.30

ಎಲ್ಲರಿಗೂ ಉತ್ತರ ಕೊಡಬೇಕಿತ್ತು, ತಡವಾಯಿತು. ಡಾಕ್ಟರಿಗೆ ಫೋನ್ ಮಾಡಿ ಅರ್ಧ ಗಂಟೆ ತಲೆ ತಿಂದೆ. ಆ ಮಂಗಳವಾರ ಶುರು ಮಾಡಿದೆವು. ಮೊದಲ ದಿನ ನಾನೇ ಶಾಲೆಯ ಗೇಟಿನ ಹತ್ತಿರ ಹತ್ತು ಗಂಟೆಯವರೆಗೆ ನಿಂತಿದ್ದೆ. ಏನಾಗುತ್ತೋ ಅಂತ. ಏನೂ ಆಗಲಿಲ್ಲ. ವಾಚ್‌ಮನ್ ಕುರ್ಚಿ ಕೊಟ್ಟರು.

ಪವಾಡ ಏನೂ ಇಲ್ಲ. ಬೆಳಗಿನ ಪೀರಿಯಡ್‌ಗಳಲ್ಲಿ ಕೂರುತ್ತಾನೆ ಅಂದರು ಮಿಸ್ಸು. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಔಷಧಿಯ ಪ್ರಭಾವ ಇಳಿಯುತ್ತೆ. ಆಮೇಲೆ ಮೊದಲಿಗಿಂತ ಜಾಸ್ತಿ ಸಿಡುಕು, ಅರ್ಧ ಗಂಟೆ ಇದ್ದು ಹೋಗುತ್ತದೆ. ಡಬ್ಬಿಯ ಊಟ ಹಾಗೇ ವಾಪಸ್ ಬರುತ್ತಿದೆ. ಸಂಜೆ ಏಳಕ್ಕೆ ಹಸಿವು ಬಂದು ನಾಲ್ಕು ದೋಸೆ ತಿನ್ನುತ್ತಾನೆ. ತೂಕ ಅರ್ಧ ಕೆ.ಜಿ. ಇಳಿದಿದೆ. ಡಾಕ್ಟರ್ ಬರೆದುಕೊಂಡರು, ಬೆಳಗ್ಗೆ ಮಾತ್ರೆಗೆ ಮುಂಚೆ ಹೊಟ್ಟೆ ತುಂಬಾ ತಿಂಡಿ ಕೊಡಿ ಅಂದರು. ಮಾತ್ರೆ ಸಾಲದು, ಮನೆಯಲ್ಲಿ ಕೆಲಸ ತುಂಡು ತುಂಡು ಮಾಡಿ ಕೊಡುವುದನ್ನೂ ಕಲಿಸಿದ್ದಾರೆ. ಮಿಸ್ಸು ಅವನನ್ನು ಕಿಟಕಿಯಿಂದ ಮುಂದಿನ ಬೆಂಚಿಗೆ ತಂದಿದ್ದಾರೆ.

ಮೊನ್ನೆ ಡೈರಿ ತೆಗೆದರೆ ಪುಟ ಖಾಲಿ. ಕೆಂಪು ಪೆನ್ನೇ ಇಲ್ಲ. ಅತ್ತೆ ಡೈರಿ ಹಿಡಿದು ಹಿಂದೆ ಮುಂದೆ ತಿರುಗಿಸಿ, “ಮಿಸ್ಸು ರಜವೇನೋ” ಅಂದರು. ಮೈದುನ ಈಗ ಬೀರುವಿನ ಕೀಲಿ ಯಾರ ಹತ್ತಿರ ಇರಬೇಕು ಅಂತ ಜಗಳ ಆಡುತ್ತಾನೆ. ವಾರಕ್ಕೊಮ್ಮೆ ಅವನೇ ಮಾತ್ರೆ ಎಣಿಸುತ್ತಾನೆ.

ಒಂದು ಕೇಳಬೇಕಿತ್ತು ಸರ್. ದಸರಾ ರಜಕ್ಕೆ ತವರಿಗೆ ಹೋಗುತ್ತೇವೆ, ಹದಿನೈದು ದಿನ. ಆಗ ಮಾತ್ರೆ ನಿಲ್ಲಿಸಬಹುದಾ? ಮತ್ತೆ ಆರನೇ ಬಾಟಲಿಯೂ ಕಳೆಯಿತು.

ಹಳೇ ಮದ್ದಿನಂಗಡಿ | ಶುಕ್ರವಾರ, ಬೆಳಗ್ಗೆ 6.05

ಕೆಲವು ಡಾಕ್ಟರುಗಳು ರಜದಲ್ಲಿ ನಿಲ್ಲಿಸಿ ಅನ್ನುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ನಿಮ್ಮವರು ಏನನ್ನುತ್ತಾರೆ ಕೇಳಿ, ನನ್ನ ಮಾತಿನ ಮೇಲೆ ನಿಲ್ಲಿಸಬೇಡಿ. ತವರಿಗೆ ಒಯ್ಯುವುದಾದರೆ ಚೀಟಿಯ ಪ್ರತಿ ಜೊತೆಗಿರಲಿ, ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಬೇಡಿ.

ಬಾಟಲಿಗೆ ನನ್ನ ಹತ್ತಿರ ಔಷಧಿ ಇಲ್ಲಮ್ಮ. ಸ್ಟೀಲಿನದ್ದು ತಂದು ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸಿ.